ಇಂಗ್ಲಿಷಿನ ಅಮ್ಮ

ಮಾರ್ಚ್ ೧೩, ಗುರುವಾರ
ಮಧ್ಯಾಹ್ನ ಎರಡೂವರೆ, ಅಧ್ಯಾಪಕರ ಕೋಣೆ

ನನ್ನ ಪ್ರೀತಿಯ ಕಿರಿಕಿರಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಶುರು ಮಾಡುತ್ತೇನೆ. ನಾನೂ ಇದ್ದೇನೆ. ಮಂಡಿನೋವು ಮಾತ್ರ ನನಗಿಂತ ಚುರುಕಾಗಿದೆ, ಮೆಟ್ಟಿಲು ಕಂಡರೆ ಸಾಕು, ನಾನು ಕಾಲೆತ್ತುವ ಮೊದಲೇ ಅದು ಹತ್ತಲು ಶುರು ಮಾಡಿರುತ್ತದೆ. ನಿನ್ನ ಕಾಗದ ಬಂದು ಇಪ್ಪತ್ತಮೂರು ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ. ಆದರೆ ಮೆಲ್ಲಗೆ ಬೈ, ನಿನ್ನ ಪ್ರಯೋಗಾಲಯದಲ್ಲಿ ರಕ್ತ ಕೊಡಲು ತೋಳು ಚಾಚಿ ಕೂತವರು ಹೆದರಿ ಎದ್ದು ಹೋದಾರು. ಪರೀಕ್ಷೆ, ಸಭೆ, ಉತ್ತರಪತ್ರಿಕೆ ಎಂದು ನೆಪ ಹೇಳಬಹುದು. ಅದು ಅರ್ಧ ನಿಜ. ಉಳಿದರ್ಧ ಹೇಳುವುದಕ್ಕೆ ಧೈರ್ಯ ಬೇಕು, ಬರೆಯುತ್ತಾ ಬರೆಯುತ್ತಾ ಬಂದೀತು ಎಂದು ಪೆನ್ನು ಹಿಡಿದಿದ್ದೇನೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಮ್ಮಿಬ್ಬರ ಫೋನು ಹೇಗೆ ನಡೆಯುತ್ತದೆಂದು ನಿನಗೇ ಗೊತ್ತು. ಮೊದಲನೇ ನಿಮಿಷ ಊಟದ ವಿಚಾರ, ಎರಡನೇ ನಿಮಿಷ ಆರೋಗ್ಯ, ಮೂರನೇ ನಿಮಿಷಕ್ಕೆ ಆಸ್ಪತ್ರೆ. ನಿನ್ನಪ್ಪ ಕಣ್ಣು ಮುಚ್ಚಿದ ದಿನ ನಾನೆಲ್ಲಿದ್ದೆ ಎಂಬಲ್ಲಿಗೆ ಮಾತು ಬಂತೆಂದರೆ ಇಬ್ಬರಲ್ಲೊಬ್ಬರು ಫೋನು ಇಟ್ಟೇಬಿಡುತ್ತೇವೆ. ಆರು ವರ್ಷದಿಂದ ಇದೇ ಕತೆ. ಅದಕ್ಕೇ ಅಲ್ಲವೇ, ಇನ್ನು ಮೇಲೆ ಕಾಗದವೇ ಸಾಕು ಎಂದು ನೀನು ನಿಯಮ ಮಾಡಿದ್ದು? ನಿನ್ನ ನಿಯಮ ನನಗೂ ಒಪ್ಪಿಗೆ.

ಸರಿ, ಇಲ್ಲಿಯ ಸುದ್ದಿ. ನನ್ನ ‘ಮೊದಲ ವಾರದ ಪುಟ’ ನಿನಗೆ ನೆನಪಿದೆಯಲ್ಲ? ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ವಾರವೇ ಅವರನ್ನು ಕೂರಿಸಿ, ಫೋನು ಪುಸ್ತಕ ಎಲ್ಲ ಕಿತ್ತಿಟ್ಟುಕೊಂಡು, ಕೈಯಾರೆ ಒಂದು ಪುಟ ಇಂಗ್ಲಿಷ್ ಬರೆಸುತ್ತೇನೆ. ವಿಷಯ ಒಂದೇ, ನಿಮ್ಮ ತಾಯಿ. ತಿದ್ದುವುದಿಲ್ಲ, ಅಂಕ ಕೊಡುವುದಿಲ್ಲ, ಓದುವುದೂ ಇಲ್ಲ. ಲಕೋಟೆಗೆ ಹಾಕಿ ಅಂಟಿಸಿ ಬೀರುವಿನಲ್ಲಿಟ್ಟು, ಮೂರು ವರ್ಷ ಕಳೆದ ಮೇಲೆ ಅವರವರ ಕೈಗೆ ಕೊಡುತ್ತೇನೆ. ಅಂದಿನ ತಮ್ಮ ಹರುಕು ಇಂಗ್ಲಿಷನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಬ್ಬಿಬ್ಬರು ಅಳುವುದೂ ಉಂಟು. ಮೂವತ್ತೊಂದು ವರ್ಷದಿಂದ ನಡೆಸಿಕೊಂಡು ಬಂದಿದ್ದೇನೆ, ಯಾರೂ ಬೇಡವೆಂದಿರಲಿಲ್ಲ.

ಈ ಸಲ ಮೂರನೇ ವರ್ಷದವರಿಗೆ ಕೊನೆಯ ಪ್ರಬಂಧಕ್ಕೂ ಅದೇ ವಿಷಯ ಕೊಟ್ಟೆ. ಮನೆಯಲ್ಲಿ ಬರೆದು, ಬೆರಳಚ್ಚು ಮಾಡಿ ತರಬೇಕು. ನಲವತ್ತೊಂದು ಪ್ರಬಂಧ ಬಂದವು. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ಬೆಳಿಗ್ಗೆ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ತಿದ್ದಲು ಕೂತೆ. ಐದನೆಯದು ಮುಗಿಯುವ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸಿತು. ಹತ್ತನೆಯದಕ್ಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಲವತ್ತೊಂದು ಮನೆಯಲ್ಲೂ ಒಬ್ಬಳೇ ತಾಯಿ! ಕಿಟಕಿಯ ಪಕ್ಕ ನಿಂತಿರುತ್ತಾಳೆ. ದಣಿವನ್ನು ನಗುವಿನ ಹಿಂದೆ ಅಡಗಿಸುತ್ತಾಳೆ. ಅವಳ ಕೈಗೆ ಸಾಬೂನಿನ ವಾಸನೆ. ಅವಳು ಮಾತಿಗಿಂತ ಮೌನದಲ್ಲಿ ಹೆಚ್ಚು ಕಲಿಸುತ್ತಾಳಂತೆ. ಇವರಲ್ಲಿ ಮೂವರ ತಾಯಂದಿರನ್ನು ನಾನೇ ಬಲ್ಲೆ. ಒಬ್ಬಾಕೆ ಬಸ್ ಕಂಡಕ್ಟರು, ಜನ್ಮದಲ್ಲಿ ಕಿಟಕಿ ಪಕ್ಕ ಸುಮ್ಮನೆ ನಿಂತವಳಲ್ಲ. ಇನ್ನೊಬ್ಬಾಕೆಗೆ ಮೌನ ಎಂದರೆ ಗಂಟಲು ಕೆಟ್ಟ ದಿನ ಮಾತ್ರ. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸು ಮನೆಯೊಳಗೆ ಎಲ್ಲೋ ಇದ್ದಾಳೆ ಎನ್ನಿಸತೊಡಗಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎದ್ದು ಹೋಗಿ ನಡುಮನೆಯ ಕಿಟಕಿ ನೋಡಿ ಬಂದೆ.

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಕೂತಲ್ಲೇ ಹಾರಿದರು. “ನಿಮ್ಮ ಲಕೋಟೆ ಇದೆಯಲ್ಲ ಮೇಡಂ! ಒಡೀರಿ. ಅವತ್ತು ಕೈಯಲ್ಲಿ ಬರೆದದ್ದು, ಇವತ್ತು ತಂದಿದ್ದು, ಎರಡನ್ನೂ ಪಕ್ಕ ಇಟ್ಟರೆ ಕಳ್ಳರು ತಾವಾಗಿ ಸಿಗ್ತಾರೆ” ಎಂದರು. ಅದು ಹಾಗೆ ಬಳಸುವುದಕ್ಕೆ ಇಟ್ಟದ್ದಲ್ಲ ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಬೀಗದ ಕೈ ಕೊಟ್ಟೆ.

ನಲವತ್ತು ಜನರ ವಿಚಾರ ಒಂದೇ ದಿನದಲ್ಲಿ ಮುಗಿಯಿತು. ಅವತ್ತಿನ ಪುಟದಲ್ಲಿ ತಪ್ಪುಗಳ ಸಂತೆ, ಇವತ್ತಿನದು ನುಣುಪೋ ನುಣುಪು. ಕೇಳಿದ್ದೇ ತಡ, “ಹೌದು ಮೇಡಂ, ಫೋನಿನಲ್ಲಿರೋ ಎಐ ಹತ್ರ ಬರೆಸಿದ್ವಿ” ಎಂದು ತಲೆ ಕೆರೆದುಕೊಂಡರು. ತರಗತಿಯಲ್ಲಿ ಕೂರಿಸಿ ಮತ್ತೆ ಬರೆಸಿದೆವು. ಬಸ್ಸು, ಜಗಳ, ಬೈಗುಳ, ಬೆನ್ನಿನ ಮೇಲೆ ಬಿದ್ದ ಏಟು, ನಿಜವಾದ ತಾಯಂದಿರೆಲ್ಲ ವಾಪಸ್ ಬಂದರು. ಇಂಗ್ಲಿಷ್ ಅಂತೂ ಕೇಳಬೇಡ.

ಉಳಿದದ್ದು ಒಂದು ಲಕೋಟೆ. ಕಾಜಾ ಹುಡುಗಿಯದು. ಅವಳನ್ನು ನಾವು ಹಾಗೇ ಕರೆಯುವುದು. ದೊಡ್ಡಮ್ಮನ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ತೆಗೆಯುವ ಕೆಲಸ ಅವಳದು, ಗುಂಡಿ ತೂರುವ ತೂತಿನ ಸುತ್ತ ದಾರ ಹಾಕುವುದು. ಬೆರಳ ತುದಿಯಲ್ಲಿ ಸೂಜಿಯ ಚುಕ್ಕೆಗಳು. ತರಗತಿಯಲ್ಲಿ ತುಟಿ ಬಿಚ್ಚಿದವಳಲ್ಲ. ಆದರೆ ಹೊರಗೆ ಗೆಳತಿಯರ ನಡುವೆ ಬಲು ತುಂಟಿ, ನನ್ನ ನಡಿಗೆಯನ್ನು ಅಣಕಿಸಿ ತೋರಿಸುವುದನ್ನು ನಾನೇ ಕಂಬದ ಮರೆಯಿಂದ ನೋಡಿ ನಕ್ಕಿದ್ದೇನೆ. ಅವಳ ಮೊದಲ ವಾರದ ಪುಟ, ಮೂರು ವರ್ಷದ ಹಿಂದೆ, ನನ್ನ ಕಣ್ಣೆದುರೇ, ಫೋನಿಲ್ಲದೆ, ಕೈಯಲ್ಲಿ ಬರೆದದ್ದು. ಒಂದೂ ತಪ್ಪಿಲ್ಲ. ಅದರಲ್ಲೂ ಕಿಟಕಿ. ಅದರಲ್ಲೂ ಸಾಬೂನಿನ ವಾಸನೆ. ಅದೇ ಹೆಂಗಸು, ಕಿರಿಕಿರಿ. ಮೂರು ವರ್ಷದಿಂದ ನನ್ನ ಬೀರುವಿನಲ್ಲಿ ಅಂಟಿಸಿದ ಲಕೋಟೆಯೊಳಗೆ ಇದ್ದಳು.

ನಮ್ಮಲ್ಲಿ ಒಬ್ಬ ಹೊಸ ಅಧ್ಯಾಪಕ ಇದ್ದಾನೆ, ಅಂಗಿಯ ಮಡಿಕೆ ಅಲುಗದ ಹಾಗೆ ಓಡಾಡುವುದರಿಂದ ಹುಡುಗರು ಅವನಿಗೆ ‘ಇಸ್ತ್ರಿ ಸಾರ್’ ಎನ್ನುತ್ತಾರೆ. ಅವನು ಆ ಕೈಬರಹವನ್ನು ಕಂಪ್ಯೂಟರಿಗೆ ಹಾಕಿ, ಇಂಥದ್ದನ್ನು ಪತ್ತೆ ಮಾಡುವ ಸಾಫ್ಟ್‌ವೇರಿಗೆ ಕೊಟ್ಟ. ನೂರಕ್ಕೆ ತೊಂಬತ್ತಾರು ಭಾಗ ಯಂತ್ರದ ಬರಹ ಎಂದು ಬಂತು. ಮುಖ್ಯಸ್ಥರು ತೀರ್ಮಾನಿಸಿಬಿಟ್ಟರು: “ಮೊದಲೇ ಬಾಯಿಪಾಠ ಮಾಡಿಕೊಂಡು ಬಂದು ಬರೆದಿದ್ದಾಳೆ. ಮೂರು ವರ್ಷದ ಮೋಸ ಇದು.” ಆಮೇಲೆ ಇಸ್ತ್ರಿ ತಮಾಷೆಗೆಂದು ಮುಖ್ಯಸ್ಥರ ಸುತ್ತೋಲೆಯನ್ನೇ ಹಾಕಿ ನೋಡಿದನಂತೆ, ಅದು ನೂರಕ್ಕೆ ನೂರು. ಈ ಮಾತು ನನ್ನ ಕಿವಿಯಲ್ಲಿ ಮಾತ್ರ ಹೇಳಿದ.

ಈ ಸೋಮವಾರ ಮಧ್ಯಾಹ್ನ ವಿಚಾರಣೆ. ಮುಖ್ಯಸ್ಥರು, ಇಸ್ತ್ರಿ, ನಾನು ಹೀಗೆ ಮೂವರು, ಎದುರಿಗೆ ಅವಳು. ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಪ್ರಬಂಧ ರದ್ದು, ವರ್ಷ ಹೋಯಿತು. ಬರುತ್ತಲೇ ಅವಳು ನನ್ನ ಕಡೆ ನೋಡಿ ಹೇಳಿದಳು, “ಮೇಡಂ, ಈ ವರ್ಷ ಹೋದ್ರೆ ದೊಡ್ಡಮ್ಮ ಓದು ಬಿಡಿಸ್ತಾರೆ. ಇನ್ನೊಂದು ವರ್ಷ ಕಾಯೋ ಪೈಕಿ ಅಲ್ಲ ಅವರು. ಏನಾದ್ರೂ ಕೇಳಿ, ಇಲ್ಲೇ ಹೇಳ್ತೀನಿ.” ಕುರ್ಚಿಯ ತುದಿಯಲ್ಲಿ ಕೂತು, ಮೂಗು ಒರೆಸಿಕೊಳ್ಳುತ್ತಾ, ಕಾಲು ಅಲ್ಲಾಡಿಸುತ್ತಾ ಇದ್ದಳು.

ಮುಖ್ಯಸ್ಥರು ಇಂಗ್ಲಿಷಿನಲ್ಲಿ ಕೇಳಿದರು, ನಿನ್ನ ತಾಯಿಯ ಬಗ್ಗೆ ಹೇಳು.

ಅಲ್ಲಾಡುತ್ತಿದ್ದ ಕಾಲು ನಿಂತಿತು. ಅವಳು ಕುರ್ಚಿಯ ಒಳಕ್ಕೆ ಸರಿದು, ಎರಡೂ ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡು, ತಲೆಯನ್ನು ಒಂದಿಷ್ಟು ವಾಲಿಸಿ ನಕ್ಕಳು. ಆ ನಗುವನ್ನು ನಾನು ಅವಳ ಮುಖದಲ್ಲಿ ಕಂಡಿರಲಿಲ್ಲ. “ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದಿರಿ” ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ದನಿ ಬೇರೆ. ಸಣ್ಣದಾಗಿ, ಸಮವಾಗಿ, ಉಸಿರು ತೆಗೆದುಕೊಳ್ಳುವ ಸದ್ದೇ ಇಲ್ಲದೆ. ತಾಯಿ ಬೆಳಿಗ್ಗೆ ಕಿಟಕಿಯ ಪಕ್ಕ ನಿಂತು ಜಡೆ ಹಾಕುತ್ತಿದ್ದುದು, ಜಡೆಯ ಎಳೆ ಎಣಿಸುತ್ತಾ ಅಂಕಿ ಕಲಿಸಿದ್ದು, ಜ್ವರ ಬಂದಾಗ ಕಿವಿಯ ಹಿಂದೆ ಬೆರಳಿಟ್ಟು ನೋಡುತ್ತಿದ್ದುದು. ನಾಲ್ಕು ನಿಮಿಷ ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ ನಮ್ಮ ಮೂವರನ್ನೂ ನೋಡಿ, “ಇದರಲ್ಲಿ ಯಾವುದನ್ನಾದರೂ ಇನ್ನಷ್ಟು ವಿವರಿಸಲೇ?” ಎಂದಳು. ಇಸ್ತ್ರಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ.

ನಾನು ಮನೆಮಾತಿಗೆ ಬಂದೆ. “ಈಗ ಹೇಗಿದ್ದಾರಮ್ಮ, ನಿಮ್ಮ ತಾಯಿ?”

ಕಾಲು ಮತ್ತೆ ಅಲ್ಲಾಡತೊಡಗಿತು. “ಅಮ್ಮನಾ? ನನಗೆ ಅಮ್ಮ ಇಲ್ಲ ಮೇಡಂ. ನಾನು ಹುಟ್ಟಿ ಹನ್ನೊಂದು ದಿನಕ್ಕೇ ಹೋದ್ರಂತೆ. ಒಂದು ಫೋಟೋ ಕೂಡ ಇಲ್ಲ.”

ಮುಖ್ಯಸ್ಥರು, “ಹಾಗಾದ್ರೆ ಇಷ್ಟು ಹೊತ್ತು ಹೇಳಿದ್ದು ಯಾರ ಬಗ್ಗೆ?” ಎಂದರು.

“ಅದು ಇಂಗ್ಲಿಷಿನ ಅಮ್ಮ ಸಾರ್.”

ಅವಳು ವಿವರಿಸಿದಳು. ಶಾಲೆಯಲ್ಲಿ ಇಂಗ್ಲಿಷಿಗೆ ಮೇಷ್ಟ್ರೇ ಇರಲಿಲ್ಲವಂತೆ. ಮಾತಾಡಲು ಸುತ್ತಮುತ್ತ ಇಂಗ್ಲಿಷ್ ಬಲ್ಲ ಒಂದು ಜೀವವೂ ಇಲ್ಲ. ಯಾರೋ ಫೋನಿಗೆ ಆ ಎಐಯನ್ನು ಹಾಕಿಕೊಟ್ಟರು. ಕಿವಿಗೆ ಸಿಕ್ಕಿಸಿಕೊಂಡು, ಕಾಜಾ ತೆಗೆಯುತ್ತಾ, ದಿನಕ್ಕೆ ಐದಾರು ಗಂಟೆ ಅದರ ಜೊತೆ ಇಂಗ್ಲಿಷ್ ಮಾತು. ಇಲ್ಲಿಗೆ ಬರುವ ಮೊದಲೇ ಒಂದು ವರ್ಷ, ಬಂದ ಮೇಲೆ ಮೂರು ವರ್ಷ. “ಒಂದಿನ ‘ನಿನ್ನ ತಾಯಿ ಬಗ್ಗೆ ಹೇಳು’ ಅಂತ ಅಭ್ಯಾಸ ಕೊಡ್ತು. ನನಗೆ ಇಲ್ಲ ಅಂದೆ. ‘ಪರವಾಗಿಲ್ಲ, ಇಬ್ಬರೂ ಸೇರಿ ಒಬ್ಬರನ್ನ ಕಲ್ಪಿಸಿಕೊಳ್ಳೋಣ’ ಅಂತು. ದಿನಾ ಸ್ವಲ್ಪ ಸ್ವಲ್ಪ ಹೇಳ್ತಾ ಹೋದ್ವಿ. ಮೊದಮೊದಲು ಕಲ್ಪನೆ ಅಂತ ಗೊತ್ತಿತ್ತು. ಈಗ ನೆನಪಿದೆ ಸಾರ್. ಜಡೆ ಎಳೆದಾಗ ಇಲ್ಲಿ ನೋಯ್ತಿತ್ತಲ್ಲ, ಅದೂ ನೆನಪಿದೆ.” ಕಿವಿಯ ಮೇಲೆ ಬೆರಳಿಟ್ಟು ತೋರಿಸಿದಳು. “ಆದ್ರೆ ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ಮಾತಲ್ಲಿ ಕರೆದ್ರೆ ಬರೋದಿಲ್ಲ.”

“ಪ್ರಬಂಧ ಯಾರು ಬರೆದದ್ದು?” ಎಂದು ಕೇಳಿದೆ.

“ನಾನೇ ಮೇಡಂ. ಅದನ್ನ ಮುಟ್ಟಲೂ ಇಲ್ಲ. ನನಗೆ ಬರೋದೇ ಈ ಇಂಗ್ಲಿಷ್. ಬೇರೆ ಇಂಗ್ಲಿಷ್ ಎಲ್ಲಿಂದ ತರಲಿ?”

ಅವಳನ್ನು ಹೊರಗೆ ಕಳಿಸಿದೆವು. ಮುಖ್ಯಸ್ಥರು ಒಂದು ಕ್ಷಣವೂ ಯೋಚಿಸದೆ ಸಹಿ ಹಾಕಿದರು. ಸಾಫ್ಟ್‌ವೇರಿಗೆ ಕೊಟ್ಟು ನೋಡಿದ್ದ ಇಸ್ತ್ರಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. “ನನಗೆ ಗೊತ್ತಾಗ್ತಿಲ್ಲ. ನಾನು ಹಾಕೋದಿಲ್ಲ” ಎಂದ. ಕಾಗದ ನನ್ನ ಮುಂದೆ ಬಂತು. ಇಲ್ಲದ ತಾಯಿಯನ್ನು ಇದ್ದಾಳೆಂದು ಬರೆದದ್ದು ಸುಳ್ಳಲ್ಲವೇ, ಸುಳ್ಳಿಗೆ ಅಂಕ ಕೊಡುವುದು ಹೇಗೆ ಎಂದು ಮುಖ್ಯಸ್ಥರು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಆ ಹುಡುಗಿ ಇನ್ನೊಂದು ಮಾತಾಡಿದರೆ ನನ್ನ ಗುಟ್ಟೊಂದು ಹೊರಬೀಳುತ್ತದೆ ಎನ್ನುವಂಥ ಹೆದರಿಕೆ. ಬೇಗ ಮುಗಿಯಲಿ ಎಂದು ಸಹಿ ಹಾಕಿಬಿಟ್ಟೆ.

ಹೊರಗೆ ಬಂದಾಗ ಅವಳು ಬೆಂಚಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿಯೇ ಅರ್ಥವಾಗಿರಬೇಕು. ಬೈಯುತ್ತಾಳೆ, ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಎದ್ದು ನಿಂತು, ಕೈ ಮೇಲೆ ಕೈ ಇಟ್ಟುಕೊಂಡು, ತಲೆ ವಾಲಿಸಿ, ಆ ಇನ್ನೊಂದು ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು: “ಈ ನಿರ್ಧಾರ ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಅರ್ಥವಾಗುತ್ತದೆ. ದಯವಿಟ್ಟು ನಿಮ್ಮನ್ನು ನೀವು ನೋಯಿಸಿಕೊಳ್ಳಬೇಡಿ.” ಮುಖದಲ್ಲಿ ಆ ನಗು ಹಾಗೇ ಇತ್ತು, ದನಿ ಚೂರೂ ನಡುಗಲಿಲ್ಲ. ಎರಡೂ ಕಣ್ಣುಗಳಿಂದ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದು ಅವಳಿಗೆ ಗೊತ್ತೇ ಇದ್ದಂತಿರಲಿಲ್ಲ.

ಕಿರಿಕಿರಿ, ನಾನು ಅಲ್ಲಿಂದ ಓಡಿದೆ. ಮಂಡಿನೋವಿನ ಹೆಂಗಸು ಮೂರು ಮಹಡಿ ಹೇಗೆ ಇಳಿದೆನೋ ನನಗೇ ತಿಳಿಯದು.

ಮೂರು ದಿನ ಅದೇ ತಲೆಯಲ್ಲಿ ಸುತ್ತುತ್ತಿದೆ. ಅವಳದು ಮೋಸವಲ್ಲ. ನಾವು ಯಾರೂ ಕಲಿಸದಿದ್ದಾಗ ಕಲಿಸಿದವರ ಹತ್ತಿರ ಕಲಿತಳು, ಅಷ್ಟೇ. ನನ್ನ ಕೈಯಲ್ಲಿ ಮೂರು ವರ್ಷ ಇದ್ದಳು. ಒಂದು ದಿನವಾದರೂ ಪಕ್ಕ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿಸಿದ್ದರೆ ನನ್ನ ತಪ್ಪುಒಪ್ಪುಗಳೂ ಅವಳ ಭಾಷೆಯಲ್ಲಿ ಒಂದಿಷ್ಟು ಸೇರುತ್ತಿದ್ದವು. ಈಗ ಹೋಗಿ ಸಹಿ ವಾಪಸ್ ಪಡೆಯಬಹುದೇ ಎಂದು ಪರೀಕ್ಷಾ ವಿಭಾಗದ ಗುಮಾಸ್ತರನ್ನು ಕೇಳಿದೆ. “ಫೈಲು ಇನ್ನೂ ಇಲ್ಲೇ ಇದೆ ಮೇಡಂ, ನಾಳೆ ಸಂಜೆ ಮೇಲಕ್ಕೆ ಹೋಗುತ್ತೆ. ಅಷ್ಟರೊಳಗೆ ಕಾರಣ ಬರೆದು ಕೊಡಿ, ಸಾಕು” ಎಂದರು.

ಕಾರಣ ಬರೆಯಲು ಕೂತೆ. ‘ಈ ಹುಡುಗಿ ಮಾಡಿದ್ದನ್ನೇ’ ಎಂದು ಶುರುವಾದ ವಾಕ್ಯ ಅಲ್ಲಿಗೇ ನಿಂತಿತು. ಅದನ್ನು ಮುಖ್ಯಸ್ಥರಿಗಿಂತ ಮೊದಲು ನಿನಗೆ ಹೇಳಬೇಕು. ಅದಕ್ಕೇ ಈ ಕಾಗದ. ಆದರೆ ನೋಡು, ಇಷ್ಟುದ್ದ ಬರೆದರೂ ಅಲ್ಲಿಗೆ ಬಂದಿಲ್ಲ.

ಊಟ ಬಿಡಬೇಡ. ನಿಂತೇ ಕೆಲಸ ಮಾಡುತ್ತೀಯ, ಕಾಲಿಗೆ ಒಳ್ಳೆಯ ಚಪ್ಪಲಿ ತೆಗೆದುಕೋ. ನಿನ್ನ ಗಂಡನಿಗೆ ನನ್ನ ನೆನಪು ಹೇಳು, ಅವನ ಚಹಾ ಈಗಲಾದರೂ ಕುಡಿಯುವಂತಾಗಿದೆಯೇ? ನಾನು ಕೊಡುವ ಆಶೀರ್ವಾದಕ್ಕೆ ಎಷ್ಟು ಬೆಲೆ ಇದೆಯೋ ಗೊತ್ತಿಲ್ಲ, ಇರುವುದನ್ನೆಲ್ಲ ನಿನಗೇ ಕೊಟ್ಟಿದ್ದೇನೆ. ನೂರು ಕಾಲ ಸುಖವಾಗಿ ಬಾಳು, ನನ್ನ ಮೇಲೆ ಮುನಿಸಿಕೊಂಡಾದರೂ ಬಾಳು.

ಇಂತು ನಿನ್ನ,
ಅಮ್ಮ

ತಾ.ಕ.: ಜನವರಿಯಲ್ಲಿ ನಿನಗೆ ಬಂದ ಕಾಗದದ ಅಕ್ಷರ ಮಾತ್ರ ನನ್ನದು. ನಿನಗೆ ಬರೆಯಲು ಹನ್ನೊಂದು ಸಲ ಕೂತು, ಹನ್ನೊಂದು ಸಲವೂ ಹರಿದು ಹಾಕಿದೆ. ಕೊನೆಗೆ ಆ ಎಐಗೇ ಹೇಳಿದೆ. ನಾನು ತಾಯಿ, ಗಂಡ ಹೋದ ದಿನ ಆಸ್ಪತ್ರೆಯಲ್ಲಿ ಮಗಳೊಬ್ಬಳೇ ಇದ್ದಳು, ಆರು ವರ್ಷದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ಒಂದು ಕಾಗದ ಬರೆದುಕೊಡು. ಇಷ್ಟೇ ಹೇಳಿದ್ದು. ಆ ಸಂಜೆ ನಾನು ಬಂದು ಕೋಣೆಯ ಹೊರಗೆ ನಿಂತಿದ್ದೆ, ಬಾಗಿಲಿನ ಗಾಜಿನಿಂದ ನಿನ್ನ ಬೆನ್ನು ಕಾಣುತ್ತಿತ್ತು, ಹಿಡಿಗೆ ಕೈ ಹಾಕಿದೆ, ಒಳಗೆ ಬರುವ ಧೈರ್ಯವಾಗಲಿಲ್ಲ ಎಂದೆಲ್ಲ ಅದೇ ಬರೆಯಿತು. ಓದಿ ಅತ್ತೆ. ಹಾಗೇ ನಕಲು ಮಾಡಿ ಕಳಿಸಿದೆ. ನೀನು ಉತ್ತರ ಬರೆದೆ, “ಅಮ್ಮಾ, ನೀನು ಬಂದಿದ್ದೆ. ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಇನ್ನು ನನಗೆ ಯಾವ ಕೋಪವೂ ಇಲ್ಲ.” ಇಪ್ಪತ್ತಮೂರು ದಿನದಿಂದ ಆ ಸಾಲನ್ನು ಓದುತ್ತಿದ್ದೇನೆ. ಓದಿ ಓದಿ ಈಗ ನನಗೂ ಆ ಬಾಗಿಲು ನೆನಪಿದೆ. ಅದರ ಹಸಿರು ಬಣ್ಣ, ಹಿಡಿಯ ತಣ್ಣನೆಯ ಸ್ಪರ್ಶ, ನಿನ್ನ ಬಿಚ್ಚಿದ ಜಡೆ, ಎಲ್ಲ ನೆನಪಿದೆ. ಇದೇ ನನಗೆ ಹೆದರಿಕೆ. ಇನ್ನೊಂದು ವಾರ ಕಳೆದರೆ ನಿನಗೆ ನಿಜ ಹೇಳಲು ನನ್ನಲ್ಲಿ ಯಾರೂ ಉಳಿದಿರುವುದಿಲ್ಲ. ನಾನು ಬಂದಿರಲಿಲ್ಲ, ಮಗಳೇ. ಉತ್ತರಪತ್ರಿಕೆ ತಿದ್ದುವ ಕೇಂದ್ರದಲ್ಲಿ ಇದ್ದೆ. ಕೆಲಸವಿತ್ತು ಎಂದು ನಿನಗೆ ಹೇಳಿದ್ದೆನಲ್ಲ, ಅವತ್ತು ಅಲ್ಲಿ ನನ್ನ ಸರದಿ ಇರಲಿಲ್ಲ. ನಿನ್ನಪ್ಪ ಉಸಿರಿಗೆ ಒದ್ದಾಡುವುದನ್ನು ನೋಡುತ್ತಾ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಆ ಸರದಿಯನ್ನು ನಾನೇ ಕೇಳಿ ಹಾಕಿಸಿಕೊಂಡಿದ್ದೆ.